ಸಕ್ಕರೆ ಕಾಯಿಲೆಯ ಪಾಠ ಫೋನಿನಲ್ಲಿ ಆಗುವ ಮಾತೇ?

ಮೈಸೂರಿನ ಸರಸ್ವತಿಪುರಂ ಓದುಗ: ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಸಿಗುತ್ತಿದೆ, ಆದರೆ ಕಾಯಿಲೆಯೊಡನೆ ಬದುಕುವುದನ್ನು ಹೇಳಿಕೊಡುವವರು ಸಿಗುತ್ತಿಲ್ಲ. ಇನ್ಸುಲಿನ್ ಚುಚ್ಚುವ ಜಾಗವನ್ನು ಬದಲಿಸುತ್ತಿರಬೇಕು, ಪಾದಗಳನ್ನು ದಿನವೂ ನೋಡಿಕೊಳ್ಳಬೇಕು, ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆ.ಲೀ) ಕೆಳಗಿಳಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು ಎಂಬುದನ್ನೆಲ್ಲ, ಹೊರಗೆ ಸಾಲು ಕಾಯುತ್ತಿರುವಾಗ, ಯಾವ ವೈದ್ಯರೂ ಕಲಿಸಲಾರರು. ಮನೆಯಿಂದಲೇ ವಿಡಿಯೊ ಕರೆಯಲ್ಲಿ ವೈದ್ಯರನ್ನು ಕಾಣಬಹುದಾದ ಸರ್ಕಾರದ ಇ-ಸಂಜೀವನಿ ಹೊರರೋಗಿ ಸೇವೆ 2020ರಿಂದ ಇದೆ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಈ ಪಾಠವನ್ನೂ ಏಕೆ ನಡೆಸಬಾರದು?

ಕೆರಗೋಡಿನವನು: ‘ಹೇಳಿಕೊಡುವವರು ಸಿಗುತ್ತಿಲ್ಲ’ ಎಂದರೆ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು ತಮ್ಮ ಲೆಕ್ಕಕ್ಕಿಲ್ಲವೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಮಧುಮೇಹದ ಪ್ರಮಾಣ ನಗರಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಪಾಠವನ್ನು ಮೊದಲು ನಿಮ್ಮ ಬಡಾವಣೆಯಲ್ಲೇ ಆರಂಭಿಸಿ.

ನಿವೃತ್ತ ನರ್ಸ್, ಮಂಡ್ಯ: ಅದೇ ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿ ನಿಂತವರು ನಗರದಲ್ಲಿ ಶೇ 15.4, ಹಳ್ಳಿಯಲ್ಲಿ ಶೇ 15.2. ಆ ಸಾಲನ್ನು ಕೈಬಿಟ್ಟಿದ್ದೀರಿ. ನಾನು ಕಂಡದ್ದನ್ನೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ಒಬ್ಬ ಅಜ್ಜಿ ‘ಒಂದೇ ಮುದ್ದೆ ಕಣವ್ವ’ ಎನ್ನುತ್ತಿದ್ದರು. ವಿಡಿಯೊ ಕರೆಯಲ್ಲಿ ಸೊಸೆ ತಟ್ಟೆಯನ್ನು ನೀರಿನ ಚೊಂಬಿನ ಪಕ್ಕಕ್ಕೆ ಹಿಡಿದಳು. ಮುದ್ದೆ ಚೊಂಬಿನಷ್ಟೇ ಇತ್ತು! ಫೋನು ಅಡುಗೆಮನೆಯೊಳಕ್ಕೆ ಹೋಗುತ್ತದೆ, ನಾವು ಹೋಗಲಾಗುವುದಿಲ್ಲ.

ಕೆರಗೋಡಿನವನು: ಕೊನೆಗೆ ತಪ್ಪು ಮುದ್ದೆಯ ತಲೆಗೇ ಬಂತು! ನಮ್ಮ ತಾತ ದಿನಕ್ಕೆ ಮೂರು ಹೊತ್ತು ಮುದ್ದೆಯುಂಡು ತೊಂಬತ್ತು ದಾಟಿದರು. ಶುಗರ್ ಇರುವವರಿಗೆ ಅನ್ನ ಬಿಟ್ಟು ರಾಗಿ ತಿನ್ನಿ ಎಂದು ವೈದ್ಯರೇ ಹೇಳುತ್ತಾರೆ.

ಸರಸ್ವತಿಪುರಂ ಓದುಗ: ತಾತನವರು ಮುದ್ದೆಯುಂಡು ನೇಗಿಲ ಹಿಂದೆ ನಡೆದರು, ಮೊಮ್ಮಕ್ಕಳಾದ ನಾವು ಬೈಕಿನ ಮೇಲೆ ಕೂತಿದ್ದೇವೆ. ರಾಗಿಯಲ್ಲಿ ನಾರಿನಂಶ ಹೆಚ್ಚೆಂಬುದು ನಿಜವಾದರೂ, ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು ಬಹುಪಾಲು ಪಿಷ್ಟವೇ, ಅಳತೆ ಮೀರಿದರೆ ಮುದ್ದೆಯೂ ಸಕ್ಕರೆಯನ್ನು ಏರಿಸುತ್ತದೆ.

ಪಾಂಡವಪುರದ ರೈತ: ‘ಅಳತೆ’ಯ ಮಾತನ್ನು ಹೋಟೆಲಿನ ನಿಂಬೆಗಾತ್ರದ ಮುದ್ದೆ ಕಂಡವರು ಆಡಬಾರದು. ನಮ್ಮ ಮನೆಯಲ್ಲಿ ಸಕ್ಕರೆ ಬಿಟ್ಟು ಆಲೆಮನೆಯ ಬೆಲ್ಲಕ್ಕೆ ಬಂದ ಮೇಲೆ ಯಾರ ಪಾಠವೂ ಬೇಕಾಗಿಲ್ಲ.

ನಿವೃತ್ತ ನರ್ಸ್, ಮಂಡ್ಯ: ಅಣ್ಣಾ, ಬೆಲ್ಲವೂ ಕಬ್ಬಿನ ಹಾಲಿನದೇ, ಅದರಲ್ಲಿಯೂ ಬಹುಭಾಗ ಸಕ್ಕರೆಯೇ. ಪಾಠ ಬೇಕೆನ್ನುವುದು ಇದಕ್ಕೇ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ನೋಡಿ.

ಪಾಂಡವಪುರದ ರೈತ: ‘ಮಾಡಿಸಿ ನೋಡಿ’ ಎನ್ನುವುದು ಸುಲಭ. ನಮ್ಮ ಮನೆಯ ಸ್ಮಾರ್ಟ್‌ಫೋನು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಗನ ಜೇಬಿನಲ್ಲಿ ಮೈಸೂರಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಹಗಲಿನ ನಿಮ್ಮ ವಿಡಿಯೊ ಪಾಠವನ್ನು ನನ್ನ ಹೆಂಡತಿ ಯಾವುದರಲ್ಲಿ ನೋಡಬೇಕು?

ಸರಸ್ವತಿಪುರಂ ಓದುಗ: ಆರೋಗ್ಯ ಉಪಕೇಂದ್ರದಲ್ಲಿ ಹತ್ತು ಜನರನ್ನು ಒಂದೇ ಪರದೆಯ ಮುಂದೆ ಕೂರಿಸಬಹುದು. ಸಂಜೆಯ ವೇಳೆ ಇಟ್ಟರೂ ಆಯಿತು.

ಕೆರಗೋಡಿನವನು: ಉಪಕೇಂದ್ರಕ್ಕೇ ಬರಬೇಕೆಂದಾದರೆ ‘ಫೋನು ಅಡುಗೆಮನೆಯೊಳಕ್ಕೆ ಹೋಗುತ್ತದೆ’ ಎಂಬ ವಾದ ಎಲ್ಲಿ ಹೋಯಿತು? ಅಂದ ಹಾಗೆ, ಆ ಅಜ್ಜಿಯ ಮುದ್ದೆಯನ್ನು ತೂಗಿದಿರೋ, ಕಣ್ಣಂದಾಜೋ?

ನಿವೃತ್ತ ನರ್ಸ್, ಮಂಡ್ಯ: ಪಕ್ಕದ ಅಂಗಡಿಯ ತಕ್ಕಡಿ ತರಿಸಿ ಕರೆಯಲ್ಲೇ ತೂಗಿಸಿದೆ. ನಾನೂರ ಹತ್ತು ಗ್ರಾಂ ಇತ್ತು. ಮುಂದಿನ ವಾರ ಅಜ್ಜಿ ತಾವೇ ಮುದ್ದೆಯನ್ನು ಅರ್ಧಕ್ಕಿಳಿಸಿ, ಸೊಪ್ಪಿನ ಪಲ್ಯ ಹೆಚ್ಚು ಹಾಕಿಸಿಕೊಂಡು ತೋರಿಸಿದರು.

ಕೆರಗೋಡಿನವನು: ನಾನೂರ ಹತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ, ಮೇಡಂ. ಅದನ್ನೂ ನಿಮ್ಮ ವಿಡಿಯೊ ತೋರಿಸಿತೇ?