ಡಾಂಗಲ್ ಚುಚ್ಚಿದರೆ ಸಿಡಿ ತೋರಿಸುತ್ತೆ, ನೆಟ್ ಬರಲ್ಲ: ಲಿನಕ್ಸ್‌ನಲ್ಲಿ ಏನು ಮಾಡಲಿ?

ಪ್ರಶ್ನೆ (ಶಾಲಾ ಶಿಕ್ಷಕಿ, ಹೊಸನಗರ ತಾಲ್ಲೂಕು):

ನಮಸ್ಕಾರ ಸರ್. ನಮ್ಮ ಊರಿಗೆ ಫೈಬರ್ ಇನ್ನೂ ಬಂದಿಲ್ಲ. ಮನೆಯ ಹಳೇ ಲ್ಯಾಪ್‌ಟಾಪ್‌ಗೆ ತಮ್ಮ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿಕೊಟ್ಟಿದ್ದಾನೆ, ಚೆನ್ನಾಗಿ ಓಡುತ್ತಿದೆ. ಹುವಾವೇ ಇ3372 ಅನ್ನೋ 4ಜಿ ಡಾಂಗಲ್ ತಗೊಂಡೆ. ಒಳಗೆ ಏರ್‌ಟೆಲ್ ಸಿಮ್ ಇದೆ. ಅದೇ ಸಿಮ್ ಫೋನಿಗೆ ಹಾಕಿದರೆ ನೆಟ್ ಬರುತ್ತದೆ. ಡಾಂಗಲ್ ಚುಚ್ಚಿದರೆ ಮಾತ್ರ ಒಂದು ಸಿಡಿ ಚಿತ್ರ ಬರುತ್ತದೆ, ಅದರೊಳಗೆ ವಿಂಡೋಸ್ ಸೆಟಪ್ ಫೈಲ್. ನೆಟ್‌ವರ್ಕ್ ಮೆನುವಿನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಅನ್ನೋದೇ ಕಾಣಲ್ಲ. ಅಂಗಡಿಯವರು "ಲಿನಕ್ಸ್‌ಗೆ ಡ್ರೈವರ್ ಬರಲ್ಲ ಮೇಡಂ" ಅಂದರು. ವಾಪಸ್ ಕೊಡಲಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್):

ಕೊಡಬೇಡಿ ಮೇಡಂ. ಡ್ರೈವರ್ ನಿಮ್ಮ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ, ಎಲ್ಲೂ ಹುಡುಕಬೇಕಿಲ್ಲ. ಡಾಂಗಲ್ ಇನ್ನೂ ತನ್ನ ಎರಡನೇ ವೇಷಕ್ಕೆ ಬಂದಿಲ್ಲ, ಅಷ್ಟೇ.

ಇಂಥ ಡಾಂಗಲ್‌ಗಳು ಚುಚ್ಚಿದ ಕೂಡಲೇ ಸಿಡಿ ಡ್ರೈವ್ ಅಂತ ಹೇಳಿಕೊಳ್ಳುತ್ತವೆ. ವಿಂಡೋಸ್‌ನವರಿಗೆ ಬೇರೆ ಸಿಡಿ ಕೊಡುವುದು ತಪ್ಪಲಿ ಅಂತ ಮಾಡಿದ ಉಪಾಯ ಇದು. ಅಲ್ಲಿ ಸೆಟಪ್ ಮುಗಿದ ಮೇಲೆ ಆ ಪ್ರೋಗ್ರಾಂ ಡಾಂಗಲ್‌ಗೆ ಒಂದು ಸಂದೇಶ ಕಳಿಸುತ್ತದೆ. ಆಗ ಅದು ಸಿಡಿ ಆಗಿರುವುದನ್ನು ಬಿಟ್ಟು ಮೊಡೆಮ್ ಆಗುತ್ತದೆ. ಲಿನಕ್ಸ್‌ನಲ್ಲಿ ಆ ಸಂದೇಶ ಕಳಿಸುವ ಕೆಲಸ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್‌ನದು. ನಿಮ್ಮ ತಮ್ಮ ಡೆಬಿಯನ್ನನ್ನು ಹಗುರವಾಗಿ ಇನ್‌ಸ್ಟಾಲ್ ಮಾಡಿದ್ದರೆ ಅದು ಬಿಟ್ಟುಹೋಗಿರಬಹುದು.

ಮೊದಲು ನೋಡಿಬಿಡಿ. ಟರ್ಮಿನಲ್ ತೆಗೆದು ಎಲ್-ಎಸ್-ಯು-ಎಸ್-ಬಿ ಅಂತ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಒಟ್ಟಿಗೆ ಟೈಪ್ ಮಾಡಿ. ಹುವಾವೇ ಸಾಲಿನಲ್ಲಿ 12ಡಿ1:1ಎಫ್01 ಇದ್ದರೆ ಡಾಂಗಲ್ ಇನ್ನೂ ಸಿಡಿಯಾಗಿಯೇ ಕೂತಿದೆ ಅಂತ ಅರ್ಥ. 12ಡಿ1 ಅನ್ನೋದು ಕಂಪನಿಯ ನಂಬರ್, ಅದರ ನಂತರ ಬರುವುದು ಆ ಹೊತ್ತಿನ ವೇಷದ್ದು.

ಪ್ಯಾಕೇಜ್ ಹಾಕಲು ನೆಟ್ ಬೇಕು, ನೆಟ್ ಬರಲು ಪ್ಯಾಕೇಜ್ ಬೇಕು ಅಲ್ವಾ? ಸಿಮ್ಮನ್ನು ಫೋನಿಗೆ ಹಾಕಿ, ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ನೆಟ್ ಕೇಬಲ್ ಮೂಲಕ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಮೇಲೆ ಟರ್ಮಿನಲ್‌ನಲ್ಲಿ ಸುಡೋ ಆಪ್ಟ್ ಇನ್‌ಸ್ಟಾಲ್ ಯುಎಸ್‌ಬಿ-ಮೋಡ್‌ಸ್ವಿಚ್ ಅಂತ ಇಂಗ್ಲಿಷಿನಲ್ಲಿ ಕೊಡಿ. ಸಿಮ್ ಡಾಂಗಲ್‌ಗೆ ವಾಪಸ್ ಹಾಕಿ, ಚುಚ್ಚಿ, ಅರ್ಧ ನಿಮಿಷ ಬಿಟ್ಟು ಮತ್ತೆ ಎಲ್-ಎಸ್-ಯು-ಎಸ್-ಬಿ ಆಜ್ಞೆ ಕೊಡಿ. ಈಗ 12ಡಿ1:14ಡಿಸಿ ಬರಬೇಕು.

ಇಲ್ಲೇ ಜಾಸ್ತಿ ಜನ ಎಡವುವುದು. 14ಡಿಸಿ ಬಂದರೂ ಮೊಬೈಲ್ ಬ್ರಾಡ್‌ಬ್ಯಾಂಡ್ ಮೆನು ಬರಲ್ಲ, ಬರಬಾರದು ಕೂಡ. ಇದಕ್ಕೆ ಹೈಲಿಂಕ್ ಅಂತಾರೆ. ಡಾಂಗಲ್ಲೇ ಒಂದು ಪುಟ್ಟ ರೂಟರ್, ಲ್ಯಾಪ್‌ಟಾಪ್‌ಗೆ ಅದು ತಂತಿ ನೆಟ್‌ವರ್ಕ್‌ನಂತೆ ಕಾಣುತ್ತದೆ. ಮೆನುವಿನಲ್ಲಿ ವೈರ್ಡ್ ಕನೆಕ್ಷನ್ ಬಂದಿದೆಯಾ ನೋಡಿ. ಬ್ರೌಸರ್‌ನಲ್ಲಿ 192.168.8.1 ಹಾಕಿದರೆ ಡಾಂಗಲ್‌ನ ಸ್ವಂತ ಪುಟ ತೆರೆಯುತ್ತದೆ. ಎಪಿಎನ್, ಅಂದರೆ ಸಿಮ್ ಕಂಪನಿಯ ನೆಟ್‌ಗೆ ಸೇರಲು ಕೊಡುವ ಹೆಸರು, ತುಂಬಬೇಕಾದದ್ದು ಅಲ್ಲಿ, ಡೆಬಿಯನ್‌ನಲ್ಲಿ ಅಲ್ಲ. ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಹೆಸರು ಪಾಸ್‌ವರ್ಡ್ ಖಾಲಿ. ಸಿಮ್‌ಗೆ ಪಿನ್ ಇಟ್ಟಿದ್ದರೆ ಅದನ್ನೂ ಅಲ್ಲೇ ಕೇಳುತ್ತದೆ.

ಇನ್ನೊಂದು ಮಾತು. ನೆಟ್‌ನಲ್ಲಿ ಹುಡುಕಿದರೆ ಡಬ್ಲ್ಯುವಿಡಯಲ್ ಎಂಬ ಡಯಲ್ ಮಾಡುವ ಪ್ರೋಗ್ರಾಂ ಹಾಕಿ, *99# ಡಯಲ್ ಮಾಡಿ ಅನ್ನೋ ಹಳೇ ಸಲಹೆಗಳು ಸಿಗುತ್ತವೆ. ಅವು 3ಜಿ ಕಾಲದವು. ನಿಮ್ಮ ಡಾಂಗಲ್‌ಗೆ ಅದರ ಗೊಡವೆಯೇ ಬೇಡ.

ಮಧ್ಯೆ ಒಂದು ಪ್ರಶ್ನೆ (ಪದವಿ ವಿದ್ಯಾರ್ಥಿ, ಗದಗ):

ಸರ್, ನನ್ನ ಹತ್ರ ಅಣ್ಣನ ಹಳೇ ಹುವಾವೇ ಇ173 ಇದೆ. ಉಬುಂಟು ಲಿನಕ್ಸ್ ಅದನ್ನು ತಾನಾಗೇ ಗುರುತಿಸಿತು, ಮೆನುವಿನಲ್ಲೂ ಬಂತು. ಜಿಯೋ ಸಿಮ್ ಹಾಕಿದ್ದೀನಿ, ಎಪಿಎನ್ ಜಿಯೋನೆಟ್ ಕೊಟ್ಟಿದ್ದೀನಿ. ಸುಮ್ನೆ ಹುಡುಕುತ್ತಾ ಕೂತಿರುತ್ತೆ.

ಉತ್ತರ:

ಇ173 ಬರೀ 2ಜಿ, 3ಜಿ ಹಿಡಿಯುವ ಡಾಂಗಲ್ ತಮ್ಮಾ. ಜಿಯೋ 2016ರಲ್ಲಿ ಶುರುವಾದಾಗಲೇ 4ಜಿ ಮಾತ್ರ, ಅದಕ್ಕೆ 2ಜಿ, 3ಜಿ ಯಾವತ್ತೂ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲ್ಲ. ಏರ್‌ಟೆಲ್ ಹಾಕಿದರೂ ಲಾಭ ಕಡಿಮೆ, ಅವರೂ 3ಜಿ ನಿಲ್ಲಿಸಿದ್ದಾರೆ. ಬರೀ 2ಜಿ ಸಿಗುತ್ತದೆ. ಇದರ ಮೇಲೆ ಸಮಯ ಹಾಕಬೇಡ, 4ಜಿ ಡಾಂಗಲ್ ತಗೋ.

ಇನ್ನೊಬ್ಬರು (ಲೆಕ್ಕಪರಿಶೋಧಕರು, ಮೈಸೂರು):

ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಸಿಮ್ ಕಾರ್ಡ್ ಒಳಗೇ ಹಾಕುವಂಥದ್ದು. ಸಿಯೆರಾ ಇಎಂ7455 ಎಂಬ ಮೊಡೆಮ್ ಕಾರ್ಡ್ ಇದೆ. ಮೊಡೆಮ್ ಕಾಣುತ್ತೆ, ಆನ್ ಮಾಡಿದರೆ ಆಗಲ್ಲ.

ಉತ್ತರ:

ಎಂ-ಎಂ-ಸಿ-ಎಲ್-ಐ ಆಜ್ಞೆಗೆ ಅಡ್ಡಗೆರೆ ಎಂ, ಆಮೇಲೆ ಎನಿ ಅಂತ ಸೇರಿಸಿ ಓಡಿಸಿ ಸರ್. ಪವರ್ ಸ್ಟೇಟ್ ಮುಂದೆ 'ಲೋ' ಅಂತಲೇ ನಿಂತಿದ್ದರೆ ಅದು ಬಹುಶಃ ಎಫ್‌ಸಿಸಿ ಲಾಕ್. ಅಮೆರಿಕದ ರೇಡಿಯೊ ನಿಯಮಕ್ಕಾಗಿ ಲ್ಯಾಪ್‌ಟಾಪ್ ತಯಾರಕರು ಹಾಕಿಸುವ ಬೀಗ. ಕಂಪ್ಯೂಟರ್ ಕಡೆಯಿಂದ ಒಪ್ಪಿಗೆ ಬರುವವರೆಗೆ ಕಾರ್ಡ್ ರೇಡಿಯೊ ಆನ್ ಮಾಡಲ್ಲ. ಲಿನಕ್ಸ್‌ನಲ್ಲಿ ಮೊಡೆಮ್ ನೋಡಿಕೊಳ್ಳುವ ಮೊಡೆಮ್‌ಮ್ಯಾನೇಜರ್ ಪ್ರೋಗ್ರಾಂ 1.18.4 ಆವೃತ್ತಿಯಿಂದ ಈ ಬೀಗ ತಾನಾಗಿ ತೆಗೆಯಲ್ಲ, ನೀವೇ ಒಪ್ಪಬೇಕು. ಕೀಲಿ ಜೊತೆಗೇ ಬಂದಿರುತ್ತದೆ: ಯುಎಸ್‌ಆರ್, ಶೇರ್, ಮೊಡೆಮ್‌ಮ್ಯಾನೇಜರ್ ಫೋಲ್ಡರ್ ಒಳಗೆ ಎಫ್‌ಸಿಸಿ-ಅನ್‌ಲಾಕ್ ಡಾಟ್ ಅವೇಲಬಲ್ ಡಾಟ್ ಡಿ. ಅಲ್ಲಿ 1199:9079 ಹೆಸರಿನ ಸ್ಕ್ರಿಪ್ಟ್ ನಿಮ್ಮ ಕಾರ್ಡಿನದು. ಇಟಿಸಿ ಫೋಲ್ಡರ್‌ನಲ್ಲೂ ಮೊಡೆಮ್‌ಮ್ಯಾನೇಜರ್ ಇದೆ. ಅದರೊಳಗಿನ ಎಫ್‌ಸಿಸಿ-ಅನ್‌ಲಾಕ್ ಡಾಟ್ ಡಿ ಫೋಲ್ಡರ್‌ನಲ್ಲಿ ರೂಟ್ (ನಿರ್ವಾಹಕ) ಆಗಿ ಆ ಸ್ಕ್ರಿಪ್ಟ್‌ಗೆ ಒಂದು ಲಿಂಕ್ ಮಾಡಿ, ಮೊಡೆಮ್‌ಮ್ಯಾನೇಜರ್ ರೀಸ್ಟಾರ್ಟ್ ಮಾಡಿ.

ಶಿಕ್ಷಕಿ:

ಸರ್, 14ಡಿಸಿ ಬಂತು! 192.168.8.1 ಕೂಡ ತೆರೆಯಿತು, ನೆಟ್ ಬಂತು. ಆದರೆ ಸಿಗ್ನಲ್ ಒಂದೇ ಕಡ್ಡಿ. ಕಿಟಕಿ ಹತ್ರ ಹೋದರೆ ಮೂರು.

ಉತ್ತರ:

ಹಾಗಾದರೆ ಡಾಂಗಲ್ ಕಿಟಕಿಯಲ್ಲಿರಲಿ, ಲ್ಯಾಪ್‌ಟಾಪ್ ಮೇಜಿನ ಮೇಲಿರಲಿ. ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಸಾಕು. ದಪ್ಪನೆಯದು ತಗೊಳ್ಳಿ. ಉದ್ದ ಆದಷ್ಟೂ ಡಾಂಗಲ್‌ಗೆ ಕರೆಂಟ್ ಸಾಲದೆ ಆಗಾಗ ಕಡಿದುಹೋಗುತ್ತದೆ, ಆದ್ದರಿಂದ ಎರಡು ಮೀಟರ್ ಒಳಗಿರಲಿ. ಡಾಂಗಲ್‌ನ ಪುಟದಲ್ಲಿ ನೆಟ್‌ವರ್ಕ್ ಮೋಡ್ ಆಟೋ ಇದ್ದರೆ 4ಜಿ ಮಾತ್ರ ಅಂತ ಬದಲಿಸಿ, ಸಿಗ್ನಲ್ ಕಡಿಮೆಯಾದಾಗ 2ಜಿಗೆ ಇಳಿದು ಕೂರುವುದು ತಪ್ಪುತ್ತದೆ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಕಿತ್ತು ಒಳಗಿಡಿ ಮೇಡಂ.