ಅಪ್‌ಡೇಟ್: ಪಂಪ್ ಪೋರ್ಟ್ ಲೀಕ್ ಕೊನೆಗೂ ನಿಲ್ತು

ಹೋದ ತಿಂಗಳು ಕೇಳಿದ್ನಲ್ಲ, ತುಮಕೂರು ವಸಂತನರಸಾಪುರದ ನಮ್ ಶೆಡ್‌ನಲ್ಲಿ ಆಯಿಲ್ ಗೇರ್ ಪಂಪ್ ಔಟ್‌ಲೆಟ್ ಹತ್ರ ತೊಟ್ಟಿಕ್ತಿದೆ, ಎಷ್ಟು ಟೆಫ್ಲಾನ್ ಟೇಪ್ ಸುತ್ತಿದ್ರೂ ನಿಲ್ತಿಲ್ಲ ಅಂತ. ಪೈಪ್ ಥ್ರೆಡ್ (ಮರೆ) ನೋಡಪ್ಪಾ ಅಂದವ್ರಿಗೆ ದೊಡ್ಡ ನಮಸ್ಕಾರ. ಥ್ರೆಡ್ ಅಳೆಯೋ ಪಿಚ್ ಗೇಜ್ ಇಟ್ರೆ ಪಂಪ್ ಕಡೆ ಎನ್‌ಪಿಟಿ (ಅಮೆರಿಕನ್ ಪೈಪ್ ಥ್ರೆಡ್), ನಮ್ ಪೈಪ್ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್)! ಒಂದಿಂಚು ಸೈಜಲ್ಲಿ ಅದು ಇಂಚಿಗೆ 11.5 ಥ್ರೆಡ್, ಇದು 11, ಆಂಗಲ್ಲೂ ಒಂದು 60 ಡಿಗ್ರಿ ಇನ್ನೊಂದು 55, ಮೊದಲ ಎರಡ್ಮೂರು ಸುತ್ತು ಆರಾಮಾಗಿ ಹೋಗಿ ಆಮೇಲೆ ಕಚ್ಕೊಳುತ್ತೆ, ನಾವು ಟೈಟ್ ಆಯ್ತು ಅಂತ ಖುಷಿಪಡ್ತಿದ್ವಿ.

ಪುಣ್ಯಕ್ಕೆ ಈ ಪಂಪಿಂದು ಮಾಡ್ಯುಲರ್ ಪೋರ್ಟು. ಅಂದ್ರೆ ಪೋರ್ಟ್ ಬಾಡಿ ಜೊತೆ ಎರಕ ಹೊಯ್ದಿರಲ್ಲ, ಬೇರೆ ಪೀಸು, ನಾಲ್ಕು ಬೋಲ್ಟು, ಮಧ್ಯೆ ಲೀಕ್ ತಡೆಯೋ ರಬ್ಬರ್ ಉಂಗುರ, ಅಂದ್ರೆ ಓ-ರಿಂಗು, ಅಷ್ಟೆ. ಬಿಎಸ್‌ಪಿ ಪೀಸ್ ತರಿಸಿ ಹಾಕಿದ್ವಿ, ಪಂಪ್ ಬೇಸಿಂದ ಅಲ್ಲಾಡಿಸ್ಲೇ ಇಲ್ಲ, ಮೋಟರ್-ಪಂಪ್ ಶಾಫ್ಟ್ ಸೇರಿಸೋ ಕಪ್ಲಿಂಗ್‌ನ ಅಲೈನ್‌ಮೆಂಟ್ ಮತ್ತೆ ಮಾಡೋ ತಲೆನೋವೂ ಇಲ್ಲ. ಬೋಲ್ಟ್ ಚೌಕದಲ್ಲಿರೋದ್ರಿಂದ ಪೋರ್ಟ್ ಪೀಸ್‌ನ 90 ಡಿಗ್ರಿ ತಿರುಗಿಸಿ ಕೂರಿಸ್ದೆ, ಒಂದು ಎಲ್ಬೋ ಉಳೀತು.

ಆದ್ರೆ ನಾಲ್ಕೇ ದಿನಕ್ಕೆ ಮತ್ತೆ ಒದ್ದೆ. ಬಿಚ್ಚಿದ್ರೆ ಓ-ರಿಂಗ್ ಊದ್ಕೊಂಡು ಗ್ರೂವಿಂದ ಆಚೆ ಬಂದಿದೆ, ನೆನೆಸಿದ ಕಡ್ಲೆ ತರ. ಅಂಗಡಿಯವ್ರು ಕೊಟ್ಟಿದ್ದು ಇಪಿಡಿಎಂ ಅನ್ನೋ ರಬ್ಬರ್‌ದು, ಅದು ನೀರಿಗೆ ಸರಿ, ಮಿನರಲ್ ಆಯಿಲ್‌ಗೆ ಆಗ್ಬರಲ್ಲ. ನೈಟ್ರೈಲ್ ರಬ್ಬರ್‌ದು ಹಾಕಿ, ಬೋಲ್ಟ್‌ನ ಎದುರುಬದುರು ಸ್ವಲ್ಪ ಸ್ವಲ್ಪನೇ ಟೈಟ್ ಮಾಡಿದ್ಮೇಲೆ ಹತ್ತು ದಿನದಿಂದ ಕೆಳಗಿಟ್ಟ ಟ್ರೇ ಒಣಗಿದೆ. ಇನ್‌ಲೆಟ್ ಕಡೇದೂ ಬರೋ ಭಾನುವಾರ ಬಿಚ್ತೀನಿ.