ಪದಚರ್ಚೆ: ಗಾಳ ಹಾಕುವುದಕ್ಕೆಂದೇ ಕಟ್ಟಿಸುವ ಕೊಳಕ್ಕೆ ಏನೆನ್ನಬೇಕು?

ಮಿತ್ರರೇ,

ಸಕಲೇಶಪುರದ ಕಡೆ ನಮ್ಮ ಸಂಬಂಧಿಕರೊಬ್ಬರು ತೋಟದ ತಗ್ಗಿನಲ್ಲಿ ಬೀಳುಬಿದ್ದಿರುವ ಗದ್ದೆಯಲ್ಲಿ ನೀರು ನಿಲ್ಲಿಸಬೇಕೆಂದಿದ್ದಾರೆ. ತೋಟಕ್ಕೆ ನೀರು ಹಾಯಿಸುವ ಉದ್ದೇಶವಿಲ್ಲ, ಮೀನು ಮಾರುವ ಯೋಚನೆಯೂ ಇಲ್ಲ. ಮನೆಯವರು, ನೆಂಟರು ದಡದಲ್ಲಿ ಕುಳಿತು ಗಾಳ ಹಾಕಬೇಕು, ಅಷ್ಟೇ. ಮೇಸ್ತ್ರಿಗೂ ಜೆಸಿಬಿ ಚಾಲಕರಿಗೂ ಅರ್ಥವಾಗುವಂಥ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆದುಕೊಡಲು ನನಗೆ ಹೇಳಿದ್ದಾರೆ. ತೊಡಕು ಶೀರ್ಷಿಕೆಯಲ್ಲೇ ಎದುರಾಗಿದೆ.

ಈಗ ಎಲ್ಲರ ಬಾಯಲ್ಲಿರುವ ಮಾತು ‘ಹೊಂಡ’. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ‘ಕೃಷಿ ಹೊಂಡ’ ಬಯಲುಸೀಮೆಯ ಮನೆಮಾತಾಯಿತು. ಆದರೆ ಆ ಪದದ ಜೊತೆಗೆ ಒಂದು ಆಕಾರವೂ ಬಂದಿದೆ: ಚೌಕ ಗುಂಡಿ, ಕಡಿದಾದ ಬದಿ, ತಳಕ್ಕೆ ಪ್ಲಾಸ್ಟಿಕ್ ಹಾಸು. ಮಳೆನೀರನ್ನು ಇಂಗದಂತೆ ಹಿಡಿದಿಡಲು ಅದು ಸರಿ. ಗಾಳ ಹಾಕುವವರಿಗೆ ಅದರಷ್ಟು ಅನನುಕೂಲದ್ದು ಬೇರೆ ಇಲ್ಲ. ಹಾಸಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಮಕ್ಕಳು ಬಿದ್ದರೆ ಹತ್ತಿಬರಲಾಗದು. ಮೀನಿಗೂ ಅಲ್ಲಿ ಕೆದಕಲು ಕೆಸರಿಲ್ಲ, ಮೇಯಲು ತೆಳುನೀರಿನ ಅಂಚಿಲ್ಲ. ನಾನು ಟಿಪ್ಪಣಿಯಲ್ಲಿ ‘ಮೀನು ಹೊಂಡ’ ಎಂದು ಬರೆದರೆ ಜೆಸಿಬಿ ಚಾಲಕರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಅಡಿ ಆಳ’ ಎಂಬುದೇ ಆಗಿರುತ್ತದೆ.

ಕ್ರಿಯಾಪದವನ್ನು ಗಮನಿಸಿ. ಬಾವಿಯನ್ನೂ ಹೊಂಡವನ್ನೂ ತೋಡುತ್ತೇವೆ. ಕೆರೆಯನ್ನು ಕಟ್ಟುತ್ತೇವೆ; ಶಾಸನಗಳಲ್ಲೂ ಕೆರೆ ಕಟ್ಟಿಸಿದರೆಂದು ಬರುತ್ತದೆ. ತೋಡಿದ್ದರ ಆಳ ಸಾಮಾನ್ಯವಾಗಿ ಎಲ್ಲ ಕಡೆಯೂ ಒಂದೇ. ಇಳಿಜಾರಿಗೆ ಅಡ್ಡಲಾಗಿ ಏರಿ (ಮಣ್ಣಿನ ಒಡ್ಡು) ಹಾಕಿ ಕಟ್ಟಿದ್ದರಲ್ಲಿ ಏರಿಯ ಬುಡ ಆಳವಾಗಿ, ಹಿಂದಕ್ಕೆ ಹೋದಷ್ಟೂ ತೆಳುವಾಗುತ್ತ, ದಂಡೆ ಅಂಕುಡೊಂಕಾಗಿ ಸಾಗುತ್ತದೆ. ಮೀನಿಗೆ ಬೇಕಾದದ್ದು ಈ ಏರುಪೇರೇ. ಬೇಸಿಗೆಯಲ್ಲಿ ಅದು ಆಳಕ್ಕೆ ಇಳಿಯುತ್ತದೆ, ಬೆಳಗಿನ ತಂಪಿನಲ್ಲಿ ಮೇಯಲು ಅಂಚಿಗೆ ಬರುತ್ತದೆ. ಆದ್ದರಿಂದ ‘ಕಟ್ಟು’ ಎಂಬ ಕ್ರಿಯಾಪದದ ಜೊತೆ ಹೋಗುವ ಹೆಸರೇ ಬೇಕೆಂಬುದು ನನ್ನ ಪಟ್ಟು.

‘ಕೆರೆ’ ಎನ್ನಬಹುದಲ್ಲ ಎಂದು ನೀವು ಕೇಳುತ್ತೀರಿ. ಕಾಫಿ ಸೀಮೆಯಲ್ಲಿ ‘ತೋಟದ ಕೆರೆ’ ಎಂಬ ಬಳಕೆ ಇದ್ದೇ ಇದೆ. ಆದರೆ ಬರೀ ಕೆರೆ ಎಂದರೆ ಊರಿನದು, ಹತ್ತು ಜನರದು ಎಂಬ ಭಾವ ಬರುತ್ತದೆ, ಅದು ಒಳ್ಳೆಯ ಭಾವವೂ ಹೌದು. ಖಾಸಗಿ ಜಾಗಕ್ಕೆ ಅದನ್ನು ಎಳೆದು ತರಲು ನನಗೆ ಮನಸ್ಸಿಲ್ಲ. ‘ಕುಂಟೆ’ ಕೋಲಾರದ ಕಡೆ ಚೆನ್ನಾಗಿ ಒಪ್ಪುತ್ತದೆ. ಉತ್ತರ ಕರ್ನಾಟಕದಲ್ಲಿ ಕುಂಟೆ ಎಂದರೆ ಎತ್ತುಗಳಿಗೆ ಕಟ್ಟಿ ಹೊಡೆಯುವ ಬೇಸಾಯದ ಸಾಧನ. ‘ಕೊಳ’ ಎಂದೊಡನೆ ಮೆಟ್ಟಿಲು, ತಾವರೆ, ದೇವಸ್ಥಾನ ನೆನಪಿಗೆ ಬರುತ್ತವೆ. ದೇವರ ಕೊಳದ ಮೀನಿಗೆ ಮಂಡಕ್ಕಿ ಹಾಕುತ್ತೇವೆಯೇ ಹೊರತು ಗಾಳ ಹಾಕುವುದಿಲ್ಲ. (ಶೀರ್ಷಿಕೆಯಲ್ಲಿ ‘ಕೊಳ’ ಎಂದಿರುವುದು ತಾತ್ಕಾಲಿಕ.)

ನನಗೆ ಹಿಡಿಸಿರುವುದು ‘ಕಟ್ಟೆ’. ಹಸುಗಳಿಗಾಗಿ ಗೋಕಟ್ಟೆ ಇರುವಂತೆ ಮೀನಿಗಾಗಿ ಮೀನುಗಟ್ಟೆ. ಅರಳಿಕಟ್ಟೆಯಲ್ಲಿರುವ ಕೂರುವ ಜಗಲಿಯ ಅರ್ಥವೂ ಇಲ್ಲಿ ಅನುಕೂಲಕ್ಕೆ ಬರುತ್ತದೆ, ಕೂರುವುದೇ ತಾನೇ ಇಲ್ಲಿಯ ಕೆಲಸ. ಆದೇಶ ಸಂಧಿ ಮಾಡಿ ‘ಗಟ್ಟೆ’ ಎಂದದ್ದಕ್ಕೆ ಕಾರಣವೂ ಇದೆ. ‘ಮೀನುಕಟ್ಟೆ’ ಎಂದರೆ ಕೇಳುವವರ ಕಿವಿ ಮಾರುಕಟ್ಟೆಯ ಕಡೆಗೆ ಹೋಗುತ್ತದೆ. ‘ಮೀನುಗಟ್ಟೆ’ ನಿಮ್ಮ ಕಿವಿಗೆ ಸಹಜವಾಗಿ ಬೀಳುತ್ತದೆಯೇ?

ಉಳಿದ ಭಾಗಗಳಿಗೆ ಕನ್ನಡದಲ್ಲಿ ಬಡತನವೇ ಇಲ್ಲ. ಕೆರೆಯ ನೀರು ಬಿಡುವ ಹಳ್ಳಿಯ ನೀರಗಂಟಿಗಳು ಆಡುತ್ತ ಬಂದ ಮಾತುಗಳೇ ಸಾಕು: ಏರಿ, ತೂಬು (ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ), ಅಂಗಳ (ನೀರು ನಿಲ್ಲುವ ತಳ), ಹೂಳು. ಏರಿಯ ನಡುವೆ ಜೇಡಿಮಣ್ಣು ತುಂಬಿ ದಮ್ಮಸು ಹಾಕಬೇಕು, ಒಳಮೈಯನ್ನು ಒಂದಡಿ ಎತ್ತರಕ್ಕೆ ಮೂರಡಿಯಂತೆ ಇಳಿಜಾರಾಗಿ ಬಿಡಬೇಕು, ಏರಿಯ ಮೇಲೆ ಮರ ಬೆಳೆಯಗೊಡಬಾರದು. ಇಷ್ಟನ್ನೂ ಹೊಸ ಪದ ಹುಟ್ಟಿಸದೆ ಬರೆದೆ. ತೂಬು ತಳಮಟ್ಟದಲ್ಲೇ ಇರಬೇಕು. ಕೆಲವು ವರ್ಷಕ್ಕೊಮ್ಮೆ ನೀರನ್ನೆಲ್ಲ ಬಿಟ್ಟು, ಅಂಗಳ ಒಣಗಿಸಿ, ಹೂಳೆತ್ತಿ ಸುಣ್ಣ ಚೆಲ್ಲಲು ಅದು ಬೇಕು. ಕೋಡಿಯ ಮಾತು ಮಲೆನಾಡಿನಲ್ಲಿ ಇನ್ನೂ ಮುಖ್ಯ. ಇಕ್ಕಟ್ಟಾದ ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಆಷಾಢದ ಮಳೆಯಲ್ಲಿ ತರಗೆಲೆ ಕಟ್ಟಿಕೊಂಡು ನೀರು ಏರಿಯನ್ನೇ ಹಾರುತ್ತದೆ. ಕೋಡಿ ಅಗಲವಾಗಿದ್ದು ನೀರು ತೆಳ್ಳಗೆ ಹರಿದರೆ ದೊಡ್ಡ ಮೀನು ಹೊರಹೋಗುವುದು ಕಡಿಮೆ. ನೀರು ಒಳಬರುವ ಬಾಯಿಗೂ ತಡೆ ಬೇಕು, ಹೊಸ ನೀರು ಕಂಡರೆ ಮೀನು ಎದುರು ಈಜುತ್ತದೆ. ‘ಹತ್ತುಮೀನು’ ಎಂಬ ಮಾತು ಬಂದದ್ದೇ ಹಾಗೆ.

ಆಳದ ಜಾಗಕ್ಕೆ ಎಂಜಿನಿಯರರ ಮಾತನ್ನು ಬಿಟ್ಟು ‘ಮಡು’ ಎಂದು ಬರೆದಿದ್ದೇನೆ. ಹೊಳೆ ಬತ್ತಿದಾಗ ಮೀನು ಬದುಕಿ ಉಳಿಯುವ ಆಳವಾದ ಜಾಗ ಅದು. ‘ತೂಬಿನ ಬಳಿ ಎರಡಾಳುದ್ದದ ಮಡು ಇರಲಿ’ ಎಂದರೆ ಅಡಿಪಟ್ಟಿ ಹಿಡಿಯದೆಯೂ ಕೆಲಸದವರಿಗೆ ತಿಳಿಯುತ್ತದೆ.

ತೊಡಕು ಇರುವುದು ಒಂದು ವಸ್ತುವಿನ ವಿಷಯದಲ್ಲಿ. ನೀರು ತುಂಬುವ ಮೊದಲು ತಳದಲ್ಲಿ ಮರದ ಬೊಡ್ಡೆ, ಮುಳ್ಳುಕೊಂಬೆ, ಕಲ್ಲುಗುಪ್ಪೆ ಇಡುತ್ತಾರೆ. ಸಣ್ಣ ಮೀನು ಅಲ್ಲಿ ಅಡಗುತ್ತದೆ, ದೊಡ್ಡದು ಅದರ ಸುತ್ತ ಸುಳಿಯುತ್ತದೆ, ರಾತ್ರಿ ಕದ್ದು ಬಲೆ ಬೀಸುವವರ ಬಲೆ ಅದಕ್ಕೆ ಸಿಕ್ಕಿ ಹರಿಯುತ್ತದೆ. ಈ ಮೂರೂ ಅರ್ಥ ಬರುವ ಒಂದು ಪದ ಬೇಕು. ‘ಮೀನಾಸರೆ’ ಎಂದು ಬರೆದು ನೋಡಿದೆ, ಪುಸ್ತಕದ ವಾಸನೆ ಹೊಡೆಯುತ್ತಿದೆ. ಕಾವೇರಿ, ತುಂಗಭದ್ರಾ, ಕೃಷ್ಣಾ ದಡದ ಮೀನುಗಾರರ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ಬಲ್ಲವರು ತಿಳಿಸಿ.

ಮೀನಿನ ಹೆಸರುಗಳಲ್ಲಿ ಕಟ್ಲಾ, ರೋಹು, ಮೃಗಾಲ್‌ಗಳನ್ನು ಹಾಗೆಯೇ ಇಟ್ಟಿದ್ದೇನೆ. ಮೀನುಗಾರಿಕೆ ಇಲಾಖೆಯ ‘ಸಾಮಾನ್ಯ ಗೆಂಡೆ’, ‘ಹುಲ್ಲುಗೆಂಡೆ’ ಚೆಂದದ ಹೆಸರುಗಳು. ಕಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಕಟ್ಲಾ ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವುದರಿಂದ ಮಾಮೂಲಿ ಗಾಳಕ್ಕೆ ಬೀಳುವುದು ಕಡಿಮೆ. ಈ ಮೂರೂ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಮತ್ತೆ ಮತ್ತೆ ಮರಿ ತಂದು ಬಿಡಬೇಕು. ಜಿಲೇಬಿ ಮೀನು (ತಿಲಾಪಿಯಾ) ಇದಕ್ಕೆ ತದ್ವಿರುದ್ಧ. ಒಮ್ಮೆ ಒಳಬಂದರೆ ಮರಿ ಹಾಕಿ ಹಾಕಿ ಇಡೀ ನೀರನ್ನು ಬೆರಳುದ್ದದ ಮೀನಿನಿಂದ ತುಂಬಿಬಿಡುತ್ತದೆ, ಬೇಡವೇ ಬೇಡ ಎಂದು ಬರೆದಿದ್ದೇನೆ.

ಕೊನೆಯ ಪ್ರಶ್ನೆ ಈ ಹವ್ಯಾಸದ ಹೆಸರಿನದು. ಬೆಂಡು, ಎರೆ, ಗಾಳದ ಕೋಲು ಎಲ್ಲಕ್ಕೂ ಪದವಿದೆ. ಇಡೀ ಹವ್ಯಾಸಕ್ಕೆ ‘ಮೀನುಗಾರಿಕೆ’ ಎಂದರೆ ಕಸುಬಿನ ಅರ್ಥ ಬರುತ್ತದೆ, ‘ಗಾಳ ಹಾಕುವುದು’ ಎಂದರೆ ಯಾರನ್ನೋ ಬಲೆಗೆ ಕೆಡಹುವ ಅರ್ಥವೂ ಅಂಟಿಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದು ‘ಮತ್ಸ್ಯವಿನೋದ’ ಎಂದು ಕರೆದಿದ್ದಾನೆ. ಮೀನಿನ ಬಗೆಗಳು, ಅವಕ್ಕೆ ಹಾಕುವ ತಿನಿಸು, ಗಾಳದಿಂದ ಹಿಡಿಯುವ ಕ್ರಮ ಎಲ್ಲವೂ ಅದರಲ್ಲಿವೆ. ನಮ್ಮ ನೆಲದಲ್ಲೇ ಹುಟ್ಟಿದ ಆ ಪದ ಇಂದಿನ ಬಳಕೆಗೆ ಭಾರವಾದೀತೇ? ‘ಮೀನುವಿನೋದ’ ಎಂದು ಅರ್ಧ ಕನ್ನಡಿಸುವುದಕ್ಕಿಂತ ಮಲೆನಾಡಿನ ‘ಮೀನು ಶಿಕಾರಿ’ಯೇ ಮೇಲು ಎಂದು ನನಗನ್ನಿಸುತ್ತದೆ. ಕರಾವಳಿಯವರೂ ಬಯಲುಸೀಮೆಯವರೂ ತಮ್ಮ ಕಡೆಯ ಮಾತನ್ನು ಹೇಳಿದರೆ ಟಿಪ್ಪಣಿಯಲ್ಲಿ ಸೇರಿಸುತ್ತೇನೆ. ಮಳೆ ಹಿಡಿಯುವ ಮೊದಲು ಏರಿಯ ಕೆಲಸ ಮುಗಿಯಬೇಕಾಗಿದೆ, ಬೇಗ ಬರೆಯಿರಿ.